ನೂರು ಯಂತ್ರಗಳಿದ್ದೂ ಲೆಕ್ಕ ತಡವೇಕೆ?

ಎರಡು ತಿಂಗಳ ಹಿಂದೆ ಒಂದು ಭಾನುವಾರ ನಮ್ಮ ವಾಚನಾಲಯದಲ್ಲಿ ಪತ್ರಿಕೆಗಳ ಮೇಜಿನ ಸುತ್ತ ನಾಲ್ಕಾರು ಮಂದಿ ಕುಳಿತಿದ್ದಾಗ ಒಂದು ಮಾತು ಹೊರಟಿತು. ನಮ್ಮ ಸಂಘದ ತರುಣ ಸದಸ್ಯರೊಬ್ಬರು ದೊಡ್ಡ ಕಂಪನಿಯೊಂದರ ಕಚೇರಿಯಲ್ಲಿ ರಾತ್ರಿಪಾಳಿಯ ಕೆಲಸದಲ್ಲಿದ್ದಾರೆ. ಆ ಕಂಪನಿಯ ಎಲ್ಲ ಶಾಖೆಗಳಲ್ಲಿ ಹಗಲೆಲ್ಲ ನಡೆದ ವ್ಯಾಪಾರದ ಲೆಕ್ಕ ನಸುಕಿನ ಮೂರು ಗಂಟೆಗೆ ಒಂದೆಡೆ ಬಂದು ಸೇರುತ್ತದೆ. ಅದನ್ನು ಯಂತ್ರಗಳಿಂದ ಒಟ್ಟುಗೂಡಿಸಿ, ಬೆಳಿಗ್ಗೆ ಏಳಕ್ಕೆ ಪಟ್ಟಿ ಸಿದ್ಧವಾಗಿರುವಂತೆ ನೋಡಿಕೊಳ್ಳುವುದು ಇವರ ಹೊಣೆ. ಕೆಲವು ತಿಂಗಳಿಂದ ಆ ಪಟ್ಟಿ ಹತ್ತು ಗಂಟೆಗೆ ಮುಂಚೆ ಕೈಗೆ ಬರುತ್ತಿರಲಿಲ್ಲ. ಮೇಲಿನವರು ಯಂತ್ರಗಳನ್ನು ಇಪ್ಪತ್ತರಿಂದ ನಲವತ್ತಕ್ಕೆ ಏರಿಸಿದರು. ಯಂತ್ರಗಳ ಬಾಡಿಗೆ ಇಮ್ಮಡಿಯಾಯಿತು; ಪಟ್ಟಿ ಮಾತ್ರ ಹತ್ತಕ್ಕೆ ಬದಲು ಒಂಬತ್ತೂ ಮುಕ್ಕಾಲಿಗೆ ಬಂದಿತು. ಕೊನೆಗೆ, ರಾತ್ರಿಪಾಳಿಯವರ ಅಲಕ್ಷ್ಯವೇ ಇದಕ್ಕೆ ಕಾರಣವೆಂದು ತರುಣರ ಕೈಗೆ ಒಂದು ಮೆಮೊ ಬಂದಿತು.

ರೈಲ್ವೆಯ ಪಾರ್ಸೆಲ್ ಕಚೇರಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಇದನ್ನೆಲ್ಲ ಕೇಳುತ್ತ ಕುಳಿತಿದ್ದರು. ಕನ್ನಡಕ ತೆಗೆದಿಟ್ಟು ಅವರು ಕೇಳಿದರು: "ಅಲ್ಲ ತಮ್ಮಾ, ಹಮಾಲರನ್ನು ಇಮ್ಮಡಿ ಮಾಡಿದರೂ ವ್ಯಾಗನ್ನು ಖಾಲಿಯಾಗುವುದಿಲ್ಲವೆಂದರೆ, ತಪ್ಪು ಹಮಾಲರದೋ, ಮೂಟೆ ಹಂಚಿದ ಕ್ರಮದ್ದೋ?"

"ರಾಯರೇ, ಅದನ್ನೇ ನಾನು ಅವರಿಗೆ ಹೇಳಬೇಕಾಗಿತ್ತು. ಹೇಳುವ ಬಗೆ ನನಗೆ ತಿಳಿಯಲಿಲ್ಲ" ಎಂದರು ತರುಣರು.

ನಾನೂ ಈ ಉದ್ಯೋಗದವನೇ. ನಮ್ಮ ವಾಚಕರಲ್ಲಿ ಅನೇಕರು ಇಂದು ಇಂಥ ಯಂತ್ರಗಳ ಮುಂದೆ ಕುಳಿತು ಅನ್ನ ದುಡಿಯುತ್ತಾರೆ. ಉಳಿದವರು ಅವು ಕೊಡುವ ಪಟ್ಟಿಗಾಗಿ ಕಾಯುತ್ತಾರೆ. ಆದುದರಿಂದ ಆ ಹಿರಿಯರ ಪ್ರಶ್ನೆಗೆ ಉತ್ತರವನ್ನು ಎಲ್ಲರಿಗೂ ತಿಳಿಯುವಂತೆ ಬರೆಯಲು ಯತ್ನಿಸಿದ್ದೇನೆ.

ಕೆಲಸವನ್ನು ಹಂಚುವುದೇಕೆ?

ಮೊದಲು ಗಾತ್ರದ ಕಲ್ಪನೆ ಇರಲಿ. ಕಂಪ್ಯೂಟರಿನ ಭಾಷೆಯಲ್ಲಿ ಒಂದು ಟೆರಾಬೈಟ್ ಎಂದರೆ ಸುಮಾರು ಒಂದು ಲಕ್ಷ ಕೋಟಿ ಇಂಗ್ಲಿಷ್ ಅಕ್ಷರಗಳು ಹಿಡಿಯುವಷ್ಟು ಜಾಗ. ತಿರುಗುವ ತಟ್ಟೆಯ ಸಾಧಾರಣ ಡಿಸ್ಕೊಂದು ಸೆಕೆಂಡಿಗೆ ಹತ್ತು ಕೋಟಿ ಅಕ್ಷರಗಳನ್ನು ಓದುತ್ತದೆಂದು ಹಿಡಿಯೋಣ. ಆಗ ಒಂದು ಟೆರಾಬೈಟನ್ನು ಒಮ್ಮೆ ಓದಿ ಮುಗಿಸುವುದಕ್ಕೇ ೧೦,೦೦೦ ಸೆಕೆಂಡು, ಅಂದರೆ ಎರಡು ಮುಕ್ಕಾಲು ಗಂಟೆಗೂ ಮೇಲೆ ಬೇಕು. ಅದೇ ಬರಹವನ್ನು ಸಾವಿರ ಡಿಸ್ಕುಗಳಿಗೆ ಸಮನಾಗಿ ಹಂಚಿದ್ದರೆ ಹತ್ತು ಸೆಕೆಂಡು ಸಾಕು. ಈ ಸರಳ ಭಾಗಾಕಾರವೇ ಹಂಚಿಕೆಯ ಲೆಕ್ಕಪದ್ಧತಿಗೆ ಮೂಲ.

ಈ ಪದ್ಧತಿಯನ್ನು ಲೋಕಕ್ಕೆ ಚೆನ್ನಾಗಿ ಪರಿಚಯಿಸಿದವರು ಅಮೆರಿಕದ ಗೂಗಲ್ ಕಂಪನಿಯ ಜೆಫ್ರಿ ಡೀನ್ ಮತ್ತು ಸಂಜಯ್ ಘೆಮಾವತ್. ೨೦೦೪ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೆ 'ಮ್ಯಾಪ್‌ರೆಡ್ಯೂಸ್' ಎಂದು ಹೆಸರಿಟ್ಟರು. ಅದೇ ದಾರಿಯಲ್ಲಿ ಡಗ್ ಕಟಿಂಗ್, ಮೈಕ್ ಕಫರೆಲ್ಲಾ ಎಂಬವರು ಯಾರು ಬೇಕಾದರೂ ಬಳಸಬಹುದಾದ ಒಂದು ವ್ಯವಸ್ಥೆಯನ್ನು ಕಟ್ಟಿದರು. ೨೦೦೬ರಲ್ಲಿ ಅದಕ್ಕೆ 'ಹಡೂಪ್' ಎಂಬ ಹೆಸರು ಬಂದಿತು. ಅದು ಕಟಿಂಗರ ಮಗನ ಆಟದ ಆನೆಯ ಹೆಸರು. ೨೦೦೯ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 'ಸ್ಪಾರ್ಕ್' ಆರಂಭವಾಯಿತು. ನಡುವಣ ಫಲಿತಾಂಶವನ್ನು ಪ್ರತಿಸಲವೂ ಡಿಸ್ಕಿಗೆ ಬರೆದು ಮತ್ತೆ ಓದುವುದರ ಬದಲು, ಸಾಧ್ಯವಿದ್ದಲ್ಲಿ ಯಂತ್ರದ ಮೆಮೊರಿಯಲ್ಲೇ ಇರಿಸಿಕೊಳ್ಳುವುದು ಅದರ ವಿಶೇಷ.

ನಮ್ಮ ವಾಚನಾಲಯದ ರಿಜಿಸ್ಟರುಗಳು

ಇದು ಹೇಗೆ ನಡೆಯುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಯಾವ ಲೇಖಕರ ಪುಸ್ತಕಗಳನ್ನು ನಮ್ಮ ಸದಸ್ಯರು ಎಷ್ಟು ಸಲ ಮನೆಗೆ ಒಯ್ದಿದ್ದಾರೆಂದು ತಿಳಿಯಲು ಸಂಘದ ಕಾರ್ಯಕಾರಿ ಸಮಿತಿ ಬಯಸಿದೆ ಎಂದಿಟ್ಟುಕೊಳ್ಳೋಣ. ಪುಸ್ತಕ ಕೊಟ್ಟ ರಿಜಿಸ್ಟರುಗಳು ನೂರು ಇವೆ. ಒಬ್ಬರೇ ಕುಳಿತರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಒಂದು ಭಾನುವಾರ ಹತ್ತು ಜನ ಸ್ವಯಂಸೇವಕರನ್ನು ಕರೆದು, ತಲೆಗೆ ಹತ್ತರಂತೆ ರಿಜಿಸ್ಟರುಗಳನ್ನು ಹಂಚುತ್ತೇವೆ.

ಮೊದಲ ಹಂತದಲ್ಲಿ ಪ್ರತಿಯೊಬ್ಬರೂ ತಮ್ಮ ರಿಜಿಸ್ಟರಿನ ಒಂದೊಂದು ಸಾಲನ್ನೂ ಓದಿ, ಲೇಖಕರ ಹೆಸರನ್ನು ಒಂದು ಚೀಟಿಯಲ್ಲಿ ಬರೆಯುತ್ತಾರೆ. ಇದು 'ಮ್ಯಾಪ್'. ಎರಡನೆಯ ಹಂತದಲ್ಲಿ ಒಬ್ಬ ಲೇಖಕರ ಚೀಟಿಗಳೆಲ್ಲ ಒಂದೇ ಮೇಜಿಗೆ ಬಂದು ಸೇರುವಂತೆ ಎಲ್ಲರೂ ಎದ್ದು ಓಡಾಡಿ ಹಂಚಿ ಬರುತ್ತಾರೆ. ಇದಕ್ಕೆ 'ಶಫಲ್' ಎನ್ನುತ್ತಾರೆ. ಮೂರನೆಯ ಹಂತದಲ್ಲಿ ಪ್ರತಿ ಮೇಜಿನವರು ತಮ್ಮ ರಾಶಿಯನ್ನು ಎಣಿಸಿ ಮೊತ್ತ ಬರೆಯುತ್ತಾರೆ. ಇದು 'ರೆಡ್ಯೂಸ್'. ಎಲ್ಲ ಮೇಜುಗಳ ಮೊತ್ತವೂ ಬಂದಾಗ ಪಟ್ಟಿ ಪೂರ್ಣವಾಗುತ್ತದೆ. ಒಂದು ಮೇಜು ಬಾಕಿಯಿದ್ದರೂ ಪೂರ್ಣವಾಗುವುದಿಲ್ಲ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಹಂಚಿಕೆಯ ಕೆಲಸದಲ್ಲಿ ಸರಾಸರಿ ವೇಗಕ್ಕೆ ಬೆಲೆಯಿಲ್ಲ. ಎಲ್ಲರಿಗಿಂತ ಕೊನೆಗೆ ಮುಗಿಸಿದವನ ಹೊತ್ತೇ ಇಡೀ ಕೆಲಸದ ಹೊತ್ತು.

ಹೊರುವ ಕೂಲಿ

ಇಂಥ ಕೆಲಸದಲ್ಲಿ ಹೊತ್ತು ಎಲ್ಲೆಲ್ಲಿ ಸೋರಿಹೋಗುತ್ತದೆಂದು ಒಂದೊಂದಾಗಿ ನೋಡೋಣ. ಮೊದಲನೆಯದು ಸಾಗಣೆ. ಅರ್ಧದಷ್ಟು ರಿಜಿಸ್ಟರುಗಳು ಡೊಂಬಿವಲಿಯ ಸದಸ್ಯರೊಬ್ಬರ ಮನೆಯಲ್ಲಿದ್ದರೆ, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಆ ಗಂಟನ್ನು ಹೊತ್ತು ತರುವುದಕ್ಕಿಂತ ಐದು ಜನ ಅಲ್ಲಿಗೇ ಹೋಗಿ ಎಣಿಸಿ, ಮೊತ್ತದ ಒಂದು ಹಾಳೆ ತರುವುದು ಜಾಣತನ. ಗೂಗಲಿನವರೂ ಹಡೂಪಿನವರೂ ಮಾಡಿದ್ದು ಇದನ್ನೇ. ಹಡೂಪ್ ಪದ್ಧತಿಯಲ್ಲಿ ದೊಡ್ಡ ಕಡತವನ್ನು ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡಿಗೂ ಸಾಮಾನ್ಯವಾಗಿ ಮೂರು ಪ್ರತಿ ಮಾಡಿ ಬೇರೆ ಬೇರೆ ಯಂತ್ರಗಳಲ್ಲಿ ಇಡುತ್ತಾರೆ. ತುಂಡಿನ ಗಾತ್ರ ಮೊದಲು ೬೪ ಮೆಗಾಬೈಟ್ ಇತ್ತು. ಮುಂದೆ ೧೨೮ ಆಯಿತು. ತುಂಡು ಎಲ್ಲಿದೆಯೋ ಆ ಯಂತ್ರಕ್ಕೇ ಕೆಲಸವನ್ನು ಕಳುಹಿಸಲು ನೋಡುತ್ತಾರೆ.

ಚೀಟಿಗಳ ಓಡಾಟಕ್ಕೂ ಉಪಾಯವಿದೆ. ಒಬ್ಬ ಸ್ವಯಂಸೇವಕರ ಬಳಿ 'ಕಾರಂತ' ಎಂಬ ಚೀಟಿ ನಾಲ್ಕು ನೂರು ಬಿದ್ದಿದ್ದರೆ, ನಾಲ್ಕು ನೂರನ್ನೂ ಹೊತ್ತೊಯ್ಯುವ ಬದಲು 'ಕಾರಂತ, ೪೦೦' ಎಂದು ಒಂದೇ ಚೀಟಿ ಬರೆದರೆ ಸಾಕು. ತನ್ನಲ್ಲಿರುವುದನ್ನು ತಾನೇ ಕೂಡಿ ಆಮೇಲೆ ಕಳುಹಿಸುವ ಈ ಕ್ರಮಕ್ಕೆ 'ಕಂಬೈನರ್' ಎಂದು ಹೆಸರು. ಆದರೆ ಎಲ್ಲ ಲೆಕ್ಕಕ್ಕೂ ಇದು ಕಣ್ಣುಮುಚ್ಚಿ ಸಲ್ಲುವುದಿಲ್ಲ. ಮೊತ್ತಗಳ ಮೊತ್ತ ಸರಿಯಾಗಿಯೇ ಬರುತ್ತದೆ. ಸರಾಸರಿಗಳ ಸರಾಸರಿ ತಪ್ಪಾಗಬಹುದು. ಸರಾಸರಿ ಬೇಕಾದಾಗ ಪ್ರತಿಯೊಬ್ಬರೂ ಮೊತ್ತವನ್ನೂ ಸಂಖ್ಯೆಯನ್ನೂ ಬೇರೆಬೇರೆಯಾಗಿ ಕಳುಹಿಸಬೇಕು. ಭಾಗಾಕಾರವನ್ನು ಕೊನೆಯಲ್ಲಿ ಒಮ್ಮೆ ಮಾಡಬೇಕು. ಬೇಗ ಬಂದ ತಪ್ಪು ಲೆಕ್ಕ ತಡವಾಗಿ ಬಂದ ಸರಿ ಲೆಕ್ಕಕ್ಕಿಂತ ಕೆಟ್ಟದ್ದು.

ಮೂರನೆಯ ಉಪಾಯವೆಂದರೆ ಬೇಡದ್ದನ್ನು ಓದದಿರುವುದು. ನಮಗೆ ಬೇಕಾದದ್ದು ಲೇಖಕರ ಕಾಲಮು ಒಂದೇ. ಆದರೆ ಸಾಲುಸಾಲಾಗಿ ಬರೆದ ರಿಜಿಸ್ಟರಿನಲ್ಲಿ ತಾರೀಕು, ಸದಸ್ಯರ ಸಂಖ್ಯೆ, ಸಹಿ ಎಲ್ಲದರ ಮೇಲೂ ಕಣ್ಣು ಹಾಯಬೇಕು. ಒಂದೊಂದು ಕಾಲಮನ್ನೂ ಬೇರೆಯಾಗಿ ಜೋಡಿಸಿಡುವ ಕಡತಗಳ ಬಗೆ ಈಗ ಬಳಕೆಯಲ್ಲಿದೆ. ೨೦೧೩ರಲ್ಲಿ ಬಂದ 'ಪಾರ್ಕೆ' ಅಂಥದೊಂದು. ಬೇಕಾದ ಕಾಲಮನ್ನಷ್ಟೇ ಓದಿದರೆ ಕೆಲಸದ ಬಹುಭಾಗ ಆರಂಭದಲ್ಲೇ ಕಳೆಯುತ್ತದೆ.

ನಾಲ್ಕನೆಯದು, ಸಣ್ಣದನ್ನು ದೊಡ್ಡದರ ಬಳಿಗೆ ಒಯ್ಯುವುದು. ಯಾವ ಉಪನಗರದ ಸದಸ್ಯರು ಎಷ್ಟು ಓದುತ್ತಾರೆಂದು ಸಮಿತಿ ಕೇಳಿತೆನ್ನಿ. ಅದಕ್ಕೆ ರಿಜಿಸ್ಟರಿನ ಜೊತೆಗೆ ಸದಸ್ಯರ ವಿಳಾಸದ ಪಟ್ಟಿಯೂ ಬೇಕು. ಪಟ್ಟಿ ನಾಲ್ಕೇ ಪುಟದ್ದಾದರೆ ಅದಕ್ಕೆ ಹತ್ತು ಪ್ರತಿ ತೆಗೆಸಿ ಪ್ರತಿ ಮೇಜಿಗೂ ಒಂದೊಂದನ್ನು ಕೊಡುವುದು ಲೇಸು. ನೂರು ರಿಜಿಸ್ಟರುಗಳನ್ನು ಪಟ್ಟಿಯಿರುವ ಮೇಜಿಗೆ ಎಳೆದಾಡಬೇಕಾಗಿಲ್ಲ. ಸ್ಪಾರ್ಕ್ ವ್ಯವಸ್ಥೆಯಲ್ಲಿ, ನಾವು ಬೇರೆ ಹೇಳದಿದ್ದರೆ, ಸಣ್ಣ ಪಟ್ಟಿ ೧೦ ಮೆಗಾಬೈಟಿನೊಳಗೆ ಇದೆಯೆಂದು ಅಂದಾಜು ಸಿಕ್ಕಾಗ ಅದು ತಾನಾಗಿಯೇ ಹೀಗೆ ಪ್ರತಿ ಹಂಚುತ್ತದೆ.

ಸಮನಾಗದ ರಾಶಿ

ಎರಡನೆಯ ಸೋರಿಕೆ ಇನ್ನೂ ಗಹನವಾದದ್ದು. ಚೀಟಿಗಳೆಲ್ಲ ಮೇಜು ಸೇರಿದುವು. ಹಳಗನ್ನಡ ವ್ಯಾಕರಣ ಬರೆದವರ ಮೇಜಿನಲ್ಲಿ ಹದಿನಾಲ್ಕು ಚೀಟಿ. ಆ ಸ್ವಯಂಸೇವಕರು ಎಣಿಸಿ ಮುಗಿಸಿ ಚಹಕ್ಕೆ ಎದ್ದರು. ಕಾರಂತರ ಮೇಜಿನಲ್ಲಿ ರಾಶಿ ಗಲ್ಲದವರೆಗೆ ಬಂದಿದೆ. ಅಲ್ಲಿ ಕುಳಿತವರು ತಲೆಯೆತ್ತದೆ ಎಣಿಸುತ್ತಿದ್ದಾರೆ. ಹೊರಗಿನಿಂದ ನೋಡಿದವರಿಗೆ ಕಾಣುವುದು ಇಷ್ಟೇ: ಒಂಬತ್ತು ಮಂದಿ ಚುರುಕು, ಒಬ್ಬರು ನಿಧಾನ.

ಈಗ ಇನ್ನೂ ಹತ್ತು ಜನರನ್ನು ಕರೆದು ಹತ್ತು ಮೇಜು ಹೆಚ್ಚಿಗೆ ಹಾಕಿದರೆ ಏನಾಗುತ್ತದೆ? ಒಬ್ಬ ಲೇಖಕರ ಚೀಟಿಯೆಲ್ಲ ಒಂದೇ ಮೇಜಿಗೆ ಎಂಬ ನಿಯಮವಿರುವವರೆಗೆ ಕಾರಂತರ ರಾಶಿ ಒಂದು ಚೀಟಿಯಷ್ಟೂ ಕಡಮೆಯಾಗುವುದಿಲ್ಲ. ಹೊಸದಾಗಿ ಬಂದವರೂ ಚಹಕ್ಕೆ ಏಳುತ್ತಾರೆ, ಅಷ್ಟೆ. ಯಂತ್ರಗಳನ್ನು ಇಮ್ಮಡಿ ಮಾಡಿದರೂ ಪಟ್ಟಿ ಬೇಗ ಬಾರದಿರುವುದಕ್ಕೆ ಬಹಳ ಸಲ ಇದೇ ಕಾರಣ.

ಪರಿಹಾರವೆಂದರೆ ದೊಡ್ಡ ರಾಶಿಯನ್ನೇ ಒಡೆಯುವುದು. ಚೀಟಿ ಬರೆಯುವಾಗಲೇ 'ಕಾರಂತ ಒಂದು', 'ಕಾರಂತ ಎರಡು', 'ಕಾರಂತ ಮೂರು' ಎಂದು ಸರದಿಯಂತೆ ಗುರುತು ಹಾಕಿದರೆ ಅವು ಮೂರು ಮೇಜುಗಳಿಗೆ ಹೋಗುತ್ತವೆ. ಕೊನೆಗೆ ಮೂರು ಮೊತ್ತಗಳನ್ನು ಕೂಡಿದರಾಯಿತು. ಉದ್ಯೋಗದವರು ಇದನ್ನು 'ಉಪ್ಪು ಬೆರೆಸುವುದು' ಎಂಬ ಅರ್ಥದ ಮಾತಿನಿಂದ ಕರೆಯುತ್ತಾರೆ. ಎರಡು ಪಟ್ಟಿಗಳನ್ನು ತಾಳೆ ನೋಡಿ ಜೋಡಿಸುವಾಗ ಇಂಥ ದಪ್ಪ ರಾಶಿ ಕಂಡರೆ ತಾನೇ ಒಡೆಯುವ ಶಕ್ತಿ ೨೦೨೦ರಲ್ಲಿ ಹೊರಬಂದ ಸ್ಪಾರ್ಕಿನ ಮೂರನೆಯ ಆವೃತ್ತಿಗೆ ಬಂದಿತು. ಆದರೂ ರಾಶಿ ಏಕೆ ದಪ್ಪವಾಯಿತೆಂದು ಅದು ಹೇಳಲಾರದು. ಅದನ್ನು ಮನುಷ್ಯನೇ ವಿಚಾರಿಸಬೇಕು. ರಿಜಿಸ್ಟರಿನಲ್ಲಿ ಲೇಖಕರ ಕಾಲಮು ಖಾಲಿಬಿಟ್ಟ ಸಾಲುಗಳು ಸಾವಿರಾರು ಇದ್ದರೆ, 'ಹೆಸರಿಲ್ಲ' ಎಂಬ ಮೇಜಿನಲ್ಲೂ ಒಂದು ಗುಡ್ಡ ಏಳುತ್ತದೆ. ಆ ಗುಡ್ಡವನ್ನು ಎಣಿಸುವ ಅಗತ್ಯವೇ ಇರಲಾರದು.

ಹಿಂದೆ ಬಿದ್ದದ್ದು ಏಕೆ?

ಕೆಲವು ಸಲ ರಾಶಿ ಸಮನಾಗಿದ್ದರೂ ಒಂದು ಮೇಜು ಹಿಂದೆ ಬೀಳುತ್ತದೆ. ಅಲ್ಲಿನ ದೀಪ ಮಂಕಾಗಿರಬಹುದು, ಅಥವಾ ಕುಳಿತವರಿಗೆ ಜ್ವರ ಬಂದಿರಬಹುದು. ೨೦೦೪ರ ಆ ಪ್ರಬಂಧದಲ್ಲಿ ಇದರ ಬಗ್ಗೆ ತಿಳಿದಿರಬೇಕಾದ ಪ್ರಯೋಗವೊಂದಿದೆ. ಸುಮಾರು ೧,೮೦೦ ಯಂತ್ರಗಳ ಸಮೂಹದಲ್ಲಿ ಒಂದು ಟೆರಾಬೈಟಿನಷ್ಟು ಸಾಲುಗಳನ್ನು ಅನುಕ್ರಮವಾಗಿ ಜೋಡಿಸಿದರು. ಕೆಲಸ ಮುಗಿಯಲು ೮೯೧ ಸೆಕೆಂಡು ಹಿಡಿಯಿತು. ಕೊನೆಯ ಹೊತ್ತಿನಲ್ಲಿ ಇನ್ನೂ ಮುಗಿಯದ ಕೆಲವು ಪಾಲುಗಳನ್ನು ಬೇರೆ ಯಂತ್ರಗಳಿಗೂ ಒಂದು ಪ್ರತಿಯಂತೆ ಕೊಟ್ಟು, ಯಾರದು ಮೊದಲು ಮುಗಿಯುವುದೋ ಅದನ್ನು ಹಿಡಿಯುವ ಏರ್ಪಾಡು ಅದರಲ್ಲಿತ್ತು. ಈ ಏರ್ಪಾಡನ್ನು ತೆಗೆದು ಮತ್ತೊಮ್ಮೆ ನಡೆಸಿದರು. ೯೬೦ನೆಯ ಸೆಕೆಂಡಿಗೆ ೪,೦೦೦ ಪಾಲುಗಳಲ್ಲಿ ಐದರ ಹೊರತು ಎಲ್ಲವೂ ಮುಗಿದಿದ್ದುವು. ಆ ಐದು ಮುಗಿಯಲು ಇನ್ನೂ ಸುಮಾರು ೩೦೦ ಸೆಕೆಂಡು ಬೇಕಾಯಿತು. ಒಟ್ಟು ೧,೨೮೩ ಸೆಕೆಂಡು. ಅಂದರೆ ಶೇಕಡಾ ೪೪ರಷ್ಟು ಹೆಚ್ಚು.

ಮೂರನೆಯ ಸಲ, ಮೀಸಲು ಪ್ರತಿಯ ಏರ್ಪಾಡನ್ನು ಉಳಿಸಿಕೊಂಡು, ಕೆಲಸ ಮಾಡುತ್ತಿದ್ದ ೧,೭೪೬ ಪ್ರಕ್ರಿಯೆಗಳಲ್ಲಿ ೨೦೦ನ್ನು ನಡುವೆಯೇ ಬೇಕೆಂದು ನಿಲ್ಲಿಸಿದರು. ಆಗಲೂ ಕೆಲಸ ೯೩೩ ಸೆಕೆಂಡಿನಲ್ಲಿ ಮುಗಿಯಿತು. ಪೂರ್ತಿ ನಿಂತ ಇನ್ನೂರರಿಂದ ಆದ ನಷ್ಟಕ್ಕಿಂತ ಕುಂಟುತ್ತಿದ್ದ ಐದರಿಂದ ಆದ ನಷ್ಟ ಬಹಳ ಹೆಚ್ಚು. ನಿಂತವನ ಕೆಲಸವನ್ನು ಕೂಡಲೇ ಇನ್ನೊಬ್ಬರಿಗೆ ಕೊಡುತ್ತೇವೆ. ಕುಂಟುವವನಿಗಾಗಿ ಎಲ್ಲರೂ ಕಾಯುತ್ತಾರೆ. ಕುಂಟುವುದಕ್ಕೆ ಅವರು ಕಂಡ ಒಂದು ಕಾರಣ ಡಿಸ್ಕಿನ ದೋಷ. ಸೆಕೆಂಡಿಗೆ ೩೦ ಮೆಗಾಬೈಟ್ ಓದಬೇಕಾದದ್ದು ಒಂದಕ್ಕೆ ಇಳಿಯುತ್ತಿತ್ತು. ಆದರೂ ಡಿಸ್ಕು ಕೆಟ್ಟಿದೆಯೆಂದು ಯಾರಿಗೂ ತಿಳಿಯದಂತೆ ನಡೆಯುತ್ತಲೇ ಇತ್ತು.

ಇಲ್ಲಿ ಒಂದು ವಿವೇಕ ಬೇಕು. ಯಂತ್ರ ಕುಂಟುತ್ತಿದ್ದರೆ ಅದೇ ಪಾಲನ್ನು ಬೇರೆ ಯಂತ್ರಕ್ಕೆ ಕೊಟ್ಟಾಗ ಬೇಗ ಮುಗಿಯುತ್ತದೆ. ರಾಶಿಯೇ ದಪ್ಪವಾಗಿದ್ದರೆ ಯಾರ ಕೈಗೆ ಕೊಟ್ಟರೂ ಅಷ್ಟೇ ಹೊತ್ತು. ದೋಷ ಕೈಯದೋ ರಾಶಿಯದೋ ಎಂಬುದನ್ನು ಕಂಡುಕೊಳ್ಳಲು ಇದಕ್ಕಿಂತ ಸುಲಭವಾದ ಪರೀಕ್ಷೆ ಇನ್ನೊಂದಿಲ್ಲ.

ಕಟ್ಟಿನ ಗಾತ್ರ, ಮೇಜಿನ ಅಗಲ

ಕೆಲಸವನ್ನು ಎಷ್ಟು ಪಾಲು ಮಾಡಬೇಕೆಂಬುದೂ ಒಂದು ಪ್ರಶ್ನೆ. ರಿಜಿಸ್ಟರನ್ನು ಬಿಚ್ಚಿ ಒಂದೊಂದೇ ಹಾಳೆ ಕೊಡುತ್ತ ಹೋದರೆ ಎಣಿಸುವುದಕ್ಕಿಂತ ಎದ್ದು ಬಂದು ಹೊಸ ಹಾಳೆ ಕೇಳುವುದರಲ್ಲೇ ಹೊತ್ತು ಕಳೆಯುತ್ತದೆ. ಹತ್ತು ರಿಜಿಸ್ಟರನ್ನು ಒಂದೇ ಕಟ್ಟಾಗಿ ಕೊಟ್ಟರೆ, ಬೇಗ ಮುಗಿಸಿದವರಿಗೆ ಕೊಡಲು ಏನೂ ಉಳಿದಿರುವುದಿಲ್ಲ. ಮೇಜು ಚಿಕ್ಕದಿದ್ದು ಕಟ್ಟು ದೊಡ್ಡದಾದರೆ ಇನ್ನೂ ತೊಂದರೆ: ಚೀಟಿಗಳನ್ನು ನೆಲದ ಮೇಲೆ ಇಟ್ಟು, ಮತ್ತೆ ಬಗ್ಗಿ ಎತ್ತಿ, ಮತ್ತೆ ಇಡಬೇಕು. ಯಂತ್ರದ ಮೇಜೆಂದರೆ ಅದರ ಮೆಮೊರಿ, ನೆಲವೆಂದರೆ ಡಿಸ್ಕು. ಮೆಮೊರಿ ಸಾಲದೆ ಡಿಸ್ಕಿಗೆ ಚೆಲ್ಲುವಾಗ ವೇಗ ತಟ್ಟನೆ ಕುಸಿಯುತ್ತದೆ.

ಸ್ಪಾರ್ಕಿನ ಮಾರ್ಗದರ್ಶಿಯು ಒಂದೊಂದು ಕೋರ್‌ಗೆ, ಅಂದರೆ ಯಂತ್ರದೊಳಗಿನ ಒಂದೊಂದು ಎಣಿಸುವ ಕೈಗೆ, ಎರಡು ಮೂರು ಪಾಲುಗಳಿರಲಿ ಎಂದು ಸೂಚಿಸುತ್ತದೆ. ಪಟ್ಟಿಗಳನ್ನು ಜೋಡಿಸುವ ಕೆಲಸದಲ್ಲಿ ನಾವು ಏನೂ ಹೇಳದಿದ್ದರೆ ಅದು ೨೦೦ ಪಾಲುಗಳನ್ನು ಮಾಡುತ್ತದೆ. ಸಣ್ಣ ಕೆಲಸಕ್ಕೆ ಅದು ಅತಿಯಾಗಬಹುದು, ದೊಡ್ಡ ಕೆಲಸಕ್ಕೆ ಸಾಲದಾಗಬಹುದು. ಹೊಲಿದಿಟ್ಟ ಅಂಗಿ ಎಲ್ಲರ ಮೈಗೂ ಹೊಂದುವುದಿಲ್ಲ. ಅಳತೆ ತೆಗೆದು ಬದಲಿಸಿಕೊಳ್ಳಬೇಕು.

ಒಂದೇ ಕೈಯ ಕೆಲಸ

ಹಂಚಲಾಗದ ಕೆಲಸವೂ ಸ್ವಲ್ಪ ಇದ್ದೇ ಇರುತ್ತದೆ. ಬೆಳಿಗ್ಗೆ ಬೀರುವಿನ ಬೀಗ ತೆಗೆಯುವವರು ಒಬ್ಬರೇ. ಸಂಜೆ ಅಂತಿಮ ಪಟ್ಟಿ ಬರೆಯುವವರೂ ಒಬ್ಬರೇ. ಜೀನ್ ಆಮ್ಡಾಲ್ ಎಂಬ ಅಮೆರಿಕದ ಕಂಪ್ಯೂಟರ್ ತಜ್ಞರು ೧೯೬೭ರಲ್ಲಿ ಈ ವಿಷಯವನ್ನು ಎತ್ತಿ ತೋರಿಸಿದರು. ಹತ್ತು ಗಂಟೆಯ ಕೆಲಸದಲ್ಲಿ ಒಂದು ಗಂಟೆಯದು ಹಂಚಲಾಗದ್ದು ಎಂದುಕೊಳ್ಳೋಣ. ಹತ್ತು ಜನರಿದ್ದರೆ ಒಟ್ಟು ಒಂದು ಗಂಟೆ ಐವತ್ತನಾಲ್ಕು ನಿಮಿಷ ಆಗುತ್ತದೆ. ನೂರು ಜನರಿದ್ದರೆ ಒಂದು ಗಂಟೆ ಐದೂವರೆ ನಿಮಿಷ. ಸಾವಿರ ಜನ ಬಂದರೂ ಒಂದು ಗಂಟೆಗಿಂತ ಕೆಳಗೆ ಇಳಿಯದು. ಹತ್ತರಿಂದ ನೂರಕ್ಕೆ ಹೋದವರಿಗೆ ಐವತ್ತು ನಿಮಿಷಕ್ಕೆ ಕಡಮೆ ಲಾಭ. ನೂರರಿಂದ ಸಾವಿರಕ್ಕೆ ಹೋದವರಿಗೆ ಐದು ನಿಮಿಷ. ಕೂಲಿ ಮಾತ್ರ ಎರಡು ಸಲವೂ ಹತ್ತರಷ್ಟು.

ಮೊದಲು ಗಡಿಯಾರ

ಹೀಗೆ ಕಾರಣಗಳು ಹಲವಾಗಿರುವಲ್ಲಿ, ನಮ್ಮ ಕೆಲಸದಲ್ಲಿ ಯಾವುದು ಎಂದು ತಿಳಿಯುವುದು ಹೇಗೆ? ಊಹೆಯಿಂದ ತಿಳಿಯದು. ಪ್ರತಿ ಹಂತದ, ಪ್ರತಿ ಪಾಲಿನ ಹೊತ್ತನ್ನೂ ಬರೆದಿಟ್ಟು ನೋಡಬೇಕು. ಬಲ್ಲವರ ಊಹೆಯೂ ತಪ್ಪುತ್ತದೆ. ಯಂತ್ರಗಳ ನಡುವಿನ ತಂತಿಯೇ, ಅಂದರೆ ನೆಟ್‌ವರ್ಕೇ, ಇಂಥ ಕೆಲಸಗಳಿಗೆ ದೊಡ್ಡ ಅಡ್ಡಿಯೆಂದು ಬಹುಕಾಲ ಅನೇಕರು ನಂಬಿದ್ದರು. ೨೦೧೫ರಲ್ಲಿ ಕೇ ಔಸ್ಟರ್‌ಹೌಟ್ ಮತ್ತು ಸಂಗಡಿಗರು ಸ್ಪಾರ್ಕಿನ ಕೆಲಸಗಳನ್ನು ಅಳೆದು ಪ್ರಕಟಿಸಿದ ವರದಿಯಲ್ಲಿ ಬೇರೆಯೇ ಚಿತ್ರ ಕಂಡಿತು. ಅವರು ನೋಡಿದ ಕೆಲಸಗಳಲ್ಲಿ ನೆಟ್‌ವರ್ಕಿನ ಕಾಯುವಿಕೆಯನ್ನು ಪೂರ್ತಿ ಇಲ್ಲವಾಗಿಸಿದರೂ ನಡುಮಟ್ಟದ ಕೆಲಸಕ್ಕೆ ಸಿಗುವ ಲಾಭ ಹೆಚ್ಚೆಂದರೆ ಶೇಕಡಾ ೨. ಡಿಸ್ಕಿನ ಕಾಯುವಿಕೆಯನ್ನು ತೆಗೆದರೆ ಶೇಕಡಾ ೧೯. ಹೆಚ್ಚು ಹೊತ್ತು ಹಿಡಿಯುತ್ತಿದ್ದುದು ಎಣಿಸುವ ಕೆಲಸವೇ. ನಿಮ್ಮ ಕೆಲಸದಲ್ಲಿ ಇದೇ ಅಂಕಿ ಬರುವುದೆಂದು ಇದರ ಅರ್ಥವಲ್ಲ. ಅಳೆಯುವ ಮುಂಚೆ ನಂಬಬಾರದೆಂಬುದಷ್ಟೇ ಇದರಿಂದ ಕಲಿಯತಕ್ಕದ್ದು.

ಯಂತ್ರಗಳ ಸಂಖ್ಯೆಯೊಂದೇ ವೇಗವನ್ನು ತರುವುದಿಲ್ಲವೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇನೆ. ೨೦೧೩ರಲ್ಲಿ ಯಾಹೂ ಕಂಪನಿಯವರು ಹಡೂಪ್ ಬಳಸಿ, ೨,೧೦೦ ಯಂತ್ರಗಳಲ್ಲಿ, ೧೦೨.೫ ಟೆರಾಬೈಟನ್ನು ೭೨ ನಿಮಿಷದಲ್ಲಿ ಜೋಡಿಸಿ ದಾಖಲೆ ಮಾಡಿದ್ದರು. ಮರುವರ್ಷ ಸ್ಪಾರ್ಕ್ ಬಳಸಿದವರು ಇನ್ನೂರು ಚಿಲ್ಲರೆ ಯಂತ್ರಗಳಲ್ಲಿ ೧೦೦ ಟೆರಾಬೈಟನ್ನು ೨೩ ನಿಮಿಷದಲ್ಲಿ ಮುಗಿಸಿದರು. ಅವರ ಯಂತ್ರಗಳಲ್ಲಿ ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕುಗಳಿದ್ದುವೆಂಬುದನ್ನೂ ಹೇಳಬೇಕು. ಆದರೆ ಶಫಲಿನ ಕ್ರಮವನ್ನೇ ಹೊಸದಾಗಿ ಬರೆದದ್ದೂ ಆ ಗೆಲುವಿನಲ್ಲಿ ಸೇರಿದೆ. ಎರಡನೆಯದು ೨೦೧೫ರದು. ಫ್ರಾಂಕ್ ಮ್ಯಾಕ್‌ಶೆರಿ ಮತ್ತು ಇಬ್ಬರು ಸಂಗಡಿಗರು, ಹೆಸರಾಂತ ಹಂಚಿಕೆ ವ್ಯವಸ್ಥೆಗಳು ೧೨೮ ಕೋರ್‌ಗಳಿಂದ ಮಾಡಿದ ಕೆಲವು ಲೆಕ್ಕಗಳನ್ನು ಚೆನ್ನಾಗಿ ಬರೆದ ಕ್ರಮವಿಧಿಯಿಂದ ಒಂದು ಲ್ಯಾಪ್‌ಟಾಪಿನ ಒಂದೇ ಕೋರ್ ಮೇಲೆ ಮಾಡಿ, ಕೆಲವಕ್ಕಿಂತ ಬೇಗನೆ ಮುಗಿಸಿ ತೋರಿಸಿದರು. ಹಂಚುವ ಮುನ್ನ, ಹಂಚಬೇಕೇ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು.

ಮೆಮೊಗೆ ಉತ್ತರ

ಇನ್ನು ನಮ್ಮ ತರುಣ ಮಿತ್ರರ ವಿಷಯ. ಆ ಭಾನುವಾರದ ಮಾತುಕತೆಯ ತರುವಾಯ ಅವರು ತಮ್ಮ ಪಾಳಿಯಲ್ಲಿ ಮೊದಲು ಮಾಡಿದ ಕೆಲಸವೆಂದರೆ ಪಾಲುಗಳ ಹೊತ್ತನ್ನು ಬರೆದುಕೊಂಡದ್ದು. ಓದಿ ಜೋಡಿಸುವ ಮೊದಲ ಹಂತ ಇಪ್ಪತ್ತು ಯಂತ್ರಗಳಲ್ಲಿ ಅರ್ಧ ಗಂಟೆಗೆ ಮುಗಿಯುತ್ತಿತ್ತು. ನಲವತ್ತಾದ ಮೇಲೆ ಕಾಲು ಗಂಟೆಗೆ. ಮಾರಾಟದ ಸಾಲುಗಳನ್ನು ಗಿರಾಕಿಗಳ ಪಟ್ಟಿಯೊಡನೆ ತಾಳೆ ನೋಡುವ ಮುಂದಿನ ಹಂತದಲ್ಲಿ ೨೦೦ ಪಾಲುಗಳಿದ್ದುವು. ೧೯೯ ಪಾಲುಗಳು ಐದು ನಿಮಿಷದೊಳಗೆ ಮುಗಿದಿದ್ದುವು. ಒಂದೇ ಒಂದು ಪಾಲು ಆರೂವರೆ ಗಂಟೆ ತೆಗೆದುಕೊಂಡಿತ್ತು. ಅದನ್ನು ಬೇರೆ ಯಂತ್ರದಲ್ಲಿ ನಡೆಸಿದರೂ ಅದೇ ಆರೂವರೆ ಗಂಟೆ.

ಆ ಪಾಲಿನಲ್ಲಿ ಏನಿದೆಯೆಂದು ಬಿಚ್ಚಿ ನೋಡಿದಾಗ, ಎಲ್ಲ ಸಾಲುಗಳಲ್ಲೂ ಗಿರಾಕಿಯ ಸಂಖ್ಯೆ ಖಾಲಿ! ಕೆಲವು ತಿಂಗಳ ಹಿಂದೆ ಕಂಪನಿ ನಗದು ಮಾರಾಟದ ಕೌಂಟರುಗಳನ್ನು ತೆರೆದಿತ್ತು. ನಗದು ಕೊಟ್ಟು ಹೋಗುವವನಿಗೆ ಸಂಖ್ಯೆಯೆಲ್ಲಿಯದು? ಕೌಂಟರಿನ ಗುಮಾಸ್ತರು ಆ ಜಾಗವನ್ನು ಖಾಲಿ ಬಿಟ್ಟಿದ್ದರು. ಅದು ಅವರ ತಪ್ಪೂ ಅಲ್ಲ. ಆ ಖಾಲಿ ಸಾಲುಗಳೆಲ್ಲ 'ಹೆಸರಿಲ್ಲ' ಎಂಬ ಒಂದೇ ಮೇಜಿಗೆ ಹೋಗಿ ಗುಡ್ಡವಾಗುತ್ತಿದ್ದುವು. ಪಟ್ಟಿಯ ಯಾವ ಹೆಸರಿನೊಡನೆಯೂ ಅವು ತಾಳೆಯಾಗುವಂತಿರಲಿಲ್ಲ. ಅವನ್ನು ಮೊದಲೇ ಬೇರೆ ತೆಗೆದು, ನಗದು ಮಾರಾಟವೆಂದು ಪ್ರತ್ಯೇಕವಾಗಿ ಕೂಡಿ, ಕೊನೆಯಲ್ಲಿ ಸೇರಿಸುವಂತೆ ಏರ್ಪಡಿಸಿದರು. ಹಳೆಯ ಕ್ರಮದ ಮೊತ್ತಕ್ಕೂ ಹೊಸ ಕ್ರಮದ ಮೊತ್ತಕ್ಕೂ ಒಂದು ವಾರ ತಾಳೆ ನೋಡಿದರು. ಒಂದು ಪೈಸೆಯ ವ್ಯತ್ಯಾಸವೂ ಬರಲಿಲ್ಲ. ಈಗ ಇಪ್ಪತ್ತೇ ಯಂತ್ರಗಳಲ್ಲಿ ಪಟ್ಟಿ ನಾಲ್ಕು ಗಂಟೆಯೊಳಗೆ ಸಿದ್ಧವಾಗುತ್ತಿದೆ.

ಮೆಮೊಗೆ ಉತ್ತರ ಬರೆಯುವಾಗ ಅವರು ಯಾರನ್ನೂ ದೂರಲಿಲ್ಲ. ೨೦೦ ಪಾಲುಗಳ ಹೊತ್ತಿನ ಪಟ್ಟಿಯನ್ನು ಲಗತ್ತಿಸಿ, ಕೆಳಗೆ ನಾಲ್ಕು ಸಾಲು ಬರೆದರು. ಮೇಲಿನವರು ಮೆಮೊವನ್ನು ಹಿಂದೆಗೆದುಕೊಳ್ಳಲಿಲ್ಲ. ಆದರೆ ಕಡತದಲ್ಲಿ ಈಗ ಅದರ ಮಗ್ಗುಲಲ್ಲೇ ಉತ್ತರವೂ ಇದೆ. ಮುಂದೆ ಆ ಕಡತವನ್ನು ತೆರೆದವರು ಎರಡನ್ನೂ ಓದಬೇಕಾಗುತ್ತದೆ.

ಕಳೆದ ವಾರ ಈ ಸಂಗತಿಯನ್ನು ನಮ್ಮ ಹಿರಿಯರಿಗೆ ಹೇಳಿದಾಗ ಅವರು, "ನಮ್ಮ ಕಾಲದಲ್ಲೂ ವಿಳಾಸವಿಲ್ಲದ ಪಾರ್ಸೆಲ್ಲುಗಳನ್ನು ಮೊದಲು ಬೇರೆ ತೆಗೆದಿಡುತ್ತಿದ್ದೆವಪ್ಪ. ಇಲ್ಲವಾದರೆ ಗಾಡಿ ಹೊರಡುವ ಹೊತ್ತಿಗೆ ಅವೇ ಅಡ್ಡ ಬರುತ್ತಿದ್ದುವು" ಎಂದು ನಕ್ಕು ಪತ್ರಿಕೆಯನ್ನು ಕೈಗೆತ್ತಿಕೊಂಡರು.

ಈ ಕೆಲಸದಲ್ಲಿರುವ ನಮ್ಮ ತರುಣರು ನೆನಪಿಡಬೇಕಾದ ಕ್ರಮ ಇಷ್ಟು. ಮೊದಲು ಹೊತ್ತನ್ನು ಅಳೆಯಿರಿ. ಬೇಡದ್ದನ್ನು ಓದಬೇಡಿ, ಓದಿದ್ದನ್ನು ಅನಾವಶ್ಯಕವಾಗಿ ಹೊರಬೇಡಿ. ರಾಶಿಗಳು ಸಮನಾಗಿವೆಯೇ ನೋಡಿ. ಪಾಲಿನ ಗಾತ್ರ ಮೆಮೊರಿಗೆ ಹೊಂದುತ್ತದೆಯೇ ಪರೀಕ್ಷಿಸಿ. ಇಷ್ಟಾದ ಮೇಲೂ ಸಾಲದಿದ್ದರೆ ಯಂತ್ರಗಳನ್ನು ಹೆಚ್ಚಿಸಲು ಕೇಳಿ. ಯಾರಾದರೊಬ್ಬರು ಹಿಂದೆ ಬಿದ್ದದ್ದು ಕಂಡಾಗ, ಅವರು ಯಂತ್ರವಾಗಲಿ ಮನುಷ್ಯರಾಗಲಿ, ಗದರಿಸುವ ಮುನ್ನ ಅವರ ಮುಂದಿರುವ ರಾಶಿಯ ಕಡೆಗೆ ಒಮ್ಮೆ ಕಣ್ಣು ಹಾಯಿಸಿರಿ.